ಕುರಿಯ ಕಾಲು ಹಾಡಿನಲ್ಲಿ ಯಾಕಿಲ್ಲ?

‘ಅನಖ್ ಕುವನ್’ ಹಾಡು ಕೇಳುವ ಎಷ್ಟೋ ಮೊದಲೇ ಕುರಿಯ ಕಥೆ ನನ್ನ ಕಿವಿಗೆ ಬಿದ್ದಿತ್ತು. ಐರ್ಲೆಂಡಿನ ಗಾಲ್ವೇ ಊರಿನಲ್ಲಿ ಸ್ವಲ್ಪ ಕಾಲ ಇದ್ದರೆ ಯಾರಾದರೂ ಒಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. 1828ರ ಸೆಪ್ಟೆಂಬರ್ 4ರ ಬೆಳಗ್ಗೆ ಕಾರಿಬ್ ಸರೋವರದ ಪೂರ್ವ ದಡದ ಅನಾಡೌನ್ ಎಂಬ ಹಳ್ಳಿಯಿಂದ 31 ಜನ ಒಂದು ದೋಣಿ ಹತ್ತಿ ಗಾಲ್ವೇ ಸಂತೆಗೆ ಹೊರಟರು. ಜೊತೆಗೆ ಕುರಿಗಳೂ ಇದ್ದವು. ಹಳೇ ದೋಣಿ, ಹೊರಲಾರದಷ್ಟು ಭಾರ. ಊರು ಇನ್ನೇನು ಬಂತು ಅನ್ನುವಾಗ ಒಂದು ಕುರಿಯ ಕಾಲು ತಳದ ಹಲಗೆಯನ್ನು ತೂರಿಕೊಂಡು ಹೋಯಿತು. ನೀರು ನುಗ್ಗಿತು. ದೋಣಿಯಲ್ಲಿದ್ದ ಒಬ್ಬ ತನ್ನ ಕೋಟು ಬಿಚ್ಚಿ, ಮುದುರಿ, ತೂತಿಗೆ ತುರುಕಿ ಕಾಲಿನಿಂದ ಗಟ್ಟಿಯಾಗಿ ತುಳಿದ. ಆ ತುಳಿತಕ್ಕೆ ಹಲಗೆಯೇ ಕಿತ್ತು ಹೋಯಿತು. ದೋಣಿ ಮುಳುಗಿತು. ಸತ್ತವರು 19 ಜನ ಎನ್ನುತ್ತಾರೆ: 11 ಗಂಡಸರು, 8 ಹೆಂಗಸರು. ಉಳಿದ 12 ಜನ ಬದುಕಿ ಬಂದರು.

ಈ ಸಾವುಗಳ ಮೇಲೆ ಕುರುಡು ಕವಿ ಆಂಟನಿ ರಾಫ್ಟರಿ ಐರಿಷ್ ನುಡಿಯಲ್ಲಿ ಕಟ್ಟಿದ ಹಾಡೇ ‘ಅನಖ್ ಕುವನ್’. ಅನಾಡೌನ್‌ಗೆ ಹಾಡಿನಲ್ಲಿ ಬರುವ ಹೆಸರೇ ಅದು. ಹೆಚ್ಚುಕಮ್ಮಿ 200 ವರ್ಷಗಳಿಂದ ಜನ ಅದನ್ನು ಹಾಡುತ್ತಿದ್ದಾರೆ. ಪಿಟೀಲಿನಲ್ಲಿ, ಐರಿಷ್ ಪೈಪಿನಲ್ಲಿ ಬರೀ ಅದರ ಧಾಟಿಯನ್ನೇ ನಿಧಾನವಾಗಿ ನುಡಿಸುವವರೂ ಇದ್ದಾರೆ. ಹಾಡಿನ ಸಾಹಿತ್ಯ ಕೈಗೆ ಸಿಕ್ಕಾಗ ನಾನು ಮೊದಲು ಹುಡುಕಿದ್ದು ಆ ಕುರಿಯ ಕಾಲನ್ನು. ಸಿಗಲಿಲ್ಲ. ಜನ ಇವತ್ತಿಗೂ ಮೊದಲು ಹೇಳುವ ಸಂಗತಿ ಯಾವುದೋ ಅದನ್ನೇ ಕವಿ ಬಿಟ್ಟುಬಿಟ್ಟಿದ್ದಾನೆ. ತೂತಿಗೆ ತುರುಕಿದ ಕೋಟಿಲ್ಲ, ತುಳಿದ ಮನುಷ್ಯನೂ ಇಲ್ಲ.

ಇದು ನನ್ನನ್ನು ಇಷ್ಟು ಕಾಡೋದಕ್ಕೆ ನನ್ನ ಕೆಲಸವೂ ಒಂದು ಕಾರಣ ಇರಬೇಕು. ಗಾಲ್ವೇ ಸುತ್ತಮುತ್ತ ವೈದ್ಯಕೀಯ ಸಾಧನ ಮಾಡುವ ಫ್ಯಾಕ್ಟರಿಗಳು ಬಹಳ. ಅಂಥದ್ದೊಂದರಲ್ಲಿ ನಾನು ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಏನಾದರೂ ಕೆಟ್ಟರೆ, ಯಾಕೆ ಕೆಟ್ಟಿತು ಅಂತ ಕೇಳೋದು ನಮ್ಮ ಕೆಲಸ. ಅದಕ್ಕೆ ಉತ್ತರ ಸಿಕ್ಕರೆ, ಅದು ಯಾಕೆ ಹಾಗಾಯಿತು ಅಂತ ಮತ್ತೆ ಕೇಳಬೇಕು. ಹೀಗೆ ಕೇಳುತ್ತಾ ಕೇಳುತ್ತಾ ಬೇರಿನ ತನಕ ಇಳಿಯಬೇಕು. ವರದಿಯಲ್ಲಿ ಮೊದಲ ಸಾಲಿಗೇ ಕಾರಣ ಬರದಿದ್ದರೆ ಅದು ವಾಪಸ್ ಬರುತ್ತದೆ. ಆ ಅಭ್ಯಾಸದ ಕಣ್ಣಿಗೆ ಈ ಹಾಡು ಅರ್ಧಂಬರ್ಧ ಅನಿಸಿತು. 19 ಜನ ಸತ್ತಿದ್ದಾರೆ, ಹೇಗೆ ಸತ್ತರು ಅನ್ನೋದೇ ಇಲ್ಲವಲ್ಲ?

ಕಾನಮಾರಾದ ಅಡುಗೆಮನೆಯಲ್ಲಿ

ಹಾಡನ್ನು ಸರಿಯಾಗಿ, ಎದುರಿಗೆ ಕೂತು ಕೇಳಿದ್ದು ಸರೋವರದ ಈಚೆ ಪಶ್ಚಿಮದಲ್ಲಿರುವ ಕಾನಮಾರಾದ ಒಂದು ಮನೆಯಲ್ಲಿ. ಜೊತೆಗೆ ಕೆಲಸ ಮಾಡುವ ಗೆಳತಿಯೊಬ್ಬಳ ತವರು ಅದು. ಚಳಿಗಾಲದ ಸಂಜೆ. ಅಡುಗೆಮನೆಯ ಒಲೆಯಲ್ಲಿ ಪೀಟ್ ಉರಿಯುತ್ತಿತ್ತು. ಇಲ್ಲಿನವರು ಜೌಗು ನೆಲದಿಂದ ಕಡಿದು ಒಣಗಿಸುವ ಮಣ್ಣಿನ ಇಟ್ಟಿಗೆ ಅದು, ಅದರ ಹೊಗೆಯ ವಾಸನೆ ಸ್ವೆಟರಿನಿಂದ ಎಷ್ಟು ದಿನವಾದರೂ ಹೋಗೋದಿಲ್ಲ. ಚಹಾ ಆಯಿತು, ಬ್ರೆಡ್ ಆಯಿತು, ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಮಾತಿನ ನಡುವೆ ಯಾರೋ ಗೆಳತಿಯ ಅಮ್ಮನಿಗೆ ಒಂದು ಹಾಡಿ ಅಂದರು. ಆಕೆ ಸುಮಾರು ಹೊತ್ತು ಬೇಡ ಬೇಡ ಅಂದರು. ಆಮೇಲೆ ಸುಮ್ನೆ ನೆಲ ನೋಡುತ್ತಾ ಕೂತರು. ಹಾಡುತ್ತಾರೆ ಅಂತ ಎಲ್ಲರಿಗೂ ಗೊತ್ತಾಯಿತು. ಕೋಣೆ ಸುಮ್ಮನಾಯಿತು.

ಹಾಡು ಶುರುವಾಗುವ ಮೊದಲು ಕಥೆ ಬಂತು. ಮೊದಲು ಐರಿಷ್‌ನಲ್ಲಿ, ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ. ದೋಣಿ, ಸಂತೆ, ಕುರಿ, ಕೋಟು. ಅವರು ಕೋಟಿನ ಮಾತು ಬಂದಾಗ ತಮ್ಮ ಬಲಗಾಲಿನ ಚಪ್ಪಲಿಯನ್ನು ನೆಲಕ್ಕೆ ಒತ್ತಿ ತೋರಿಸಿದರು. ಅಷ್ಟು ಹೇಳಿ ಕಣ್ಣು ಮುಚ್ಚಿದರು. ಪಕ್ಕದಲ್ಲಿದ್ದ ಅವರ ಭಾವ ಕೈ ಚಾಚಿ ಅವರ ಕೈ ಹಿಡಿದುಕೊಂಡರು. ಹಾಡು ನಡೆಯುವಷ್ಟು ಹೊತ್ತೂ ಆ ಕೈಯನ್ನು ಮೆಲ್ಲಗೆ ಸುತ್ತಿಸುತ್ತಾ ಇದ್ದರು. ಹೀಗೆ ಕೈ ಹಿಡಿಯೋದು ಇಲ್ಲಿನ ಹಳೇ ರೂಢಿ. ಪಕ್ಕವಾದ್ಯ ಇಲ್ಲದ ಈ ಹಾಡುಗಾರಿಕೆಗೆ ಶಾನ್ ನೋಸ್ ಅನ್ನುತ್ತಾರೆ. ತಾಳ ಹಾಕೋದಿಲ್ಲ. ಮುಖದಲ್ಲಿ ನಟನೆ ಇರೋದಿಲ್ಲ. ದುಃಖದ ಸಾಲು ಬಂತು ಅಂತ ದನಿ ನಡುಗಿಸೋದೂ ಇಲ್ಲ. ಎಲ್ಲಾ ಸಾಲಿಗೂ ಒಂದೇ ಗಟ್ಟಿತನ. ಪದದ ಕೊನೆಯಲ್ಲೋ ನಡುವಿನಲ್ಲೋ ಸಣ್ಣ ಸಣ್ಣ ತಿರುವು. ಒಂದು ನುಡಿ ಮುಗಿದು ಉಸಿರು ತೆಗೆದುಕೊಂಡಾಗ ಒಲೆಯ ಪಕ್ಕದಿಂದ ಯಾರೋ “ಮಾ ಹೂ” ಅಂದರು. ಭೇಷ್ ಅನ್ನುವ ಹಾಗೆ. ಕೊನೆಯ ಸಾಲನ್ನು ಆಕೆ ಹಾಡಲಿಲ್ಲ. ಮಾತಿನಲ್ಲಿ ಹೇಳಿಬಿಟ್ಟರು, ಬೇಗ ಬೇಗ, ಸುದ್ದಿ ಹೇಳುವ ಹಾಗೆ. ಆಮೇಲೆ ಎದ್ದು ಕೆಟಲ್ ಇಟ್ಟರು.

ಹಾಡಿಗೆ ಮುಂಚೆ ಹೇಳುವ ಈ ಕಥೆಗೆ ಐರಿಷ್‌ನಲ್ಲಿ ‘ಊದರ್’ ಅನ್ನುತ್ತಾರೆ, ಹಾಡಿನ ಹಿಂದಿನ ಸಂಗತಿ. ಕಾನಮಾರಾದ ಕಾರ್ನಾ ಕಡೆಯ ದೊಡ್ಡ ಹಾಡುಗಾರ ಜೋ ಹೀನಿ ಅಮೆರಿಕಕ್ಕೆ ಹೋದಮೇಲೂ ಹಾಡಿನ ಕಥೆ ಹೇಳಿಯೇ ಹಾಡುತ್ತಿದ್ದ. ಅದು ಹಾಡಿಗೆ ಮುನ್ನುಡಿ ಮಾತ್ರ ಅಂತ ನಾನು ತಿಳಿದಿದ್ದೆ. ಆವತ್ತು ಕೂತು ಕೇಳಿದಾಗ ಹಾಗನ್ನಿಸಲಿಲ್ಲ. ಕಾರಣದ ಭಾರವನ್ನೆಲ್ಲ ಮಾತು ಹೊತ್ತಿತ್ತು. ಹಾಗಾಗಿ ಹಾಡಿಗೆ ಬೇರೆ ಕಡೆ ಹೋಗಲು ದಾರಿಯಾಗಿತ್ತು. ಎಲ್ಲಿಗೆ ಹೋಯಿತು ಅನ್ನೋದೇ ನೋಡಬೇಕಾದ್ದು.

ಹಾಡು ಏನು ಹೇಳುತ್ತದೆ

ಮೊದಲ ಸಾಲಿನಲ್ಲಿ ಕವಿ ಒಂದು ಮಾತು ಕೊಡುತ್ತಾನೆ: ನನಗೆ ಆರೋಗ್ಯ ಇದ್ದರೆ, ಅನಖ್ ಕುವನ್‌ನಿಂದ ಹೋಗಿ ಮುಳುಗಿದವರ ಮಾತು ಬಹಳ ಕಾಲ ನಡೆಯುತ್ತದೆ. ಅಲ್ಲಿಂದ ನೇರ ಸತ್ತವರ ಮನೆಗಳಿಗೆ ಹೋಗುತ್ತಾನೆ. ನಾಳೆ ಅಪ್ಪ, ಅಮ್ಮ, ಹೆಂಡತಿ, ಮಗು, ಎಲ್ಲರ ಕಣ್ಣಲ್ಲೂ ನೀರು. ದೇವರೇ, ಇಬ್ಬರೋ ಮೂವರೋ ಆಗಿದ್ದರೆ ಅದೇನು ದೊಡ್ಡದಲ್ಲ, ಆದರೆ ಗಾಳಿ ಇಲ್ಲ, ಮಳೆ ಇಲ್ಲ, ಇಷ್ಟು ಚೆಂದದ ದಿನ ಇಡೀ ದೋಣಿಯನ್ನೇ ಗುಡಿಸಿಕೊಂಡು ಹೋದೆಯಲ್ಲ ಅನ್ನುತ್ತಾನೆ.

ಆ ‘ಇಬ್ಬರೋ ಮೂವರೋ’ ಅನ್ನುವ ಮಾತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ನೀರಿನ ಪಕ್ಕ ಬದುಕುವ ಊರಿನಲ್ಲಿ ಆಗಾಗ ಒಬ್ಬಿಬ್ಬರು ಮುಳುಗಿ ಸಾಯೋದು ಮಾಮೂಲಿ ಅನ್ನುವ ಲೆಕ್ಕ ಅದರ ಹಿಂದೆ ಇದೆ. ಅದಕ್ಕೆ ಹಾಡು ಕಟ್ಟಬೇಕಿರಲಿಲ್ಲ. ಇಷ್ಟು ಜನ ಒಟ್ಟಿಗೆ ಹೋದದ್ದಕ್ಕೆ ಹಾಡು ಬೇಕಾಯಿತು. ಅಷ್ಟು ಕಷ್ಟದ ಬದುಕಿನ ಬಗ್ಗೆ ಬೇರೆ ಯಾವ ವಿವರಣೆಯೂ ಇಲ್ಲ, ಆ ಅರ್ಧ ಸಾಲಲ್ಲೇ ಎಲ್ಲಾ ಬಂದುಬಿಡುತ್ತದೆ.

ಮುಂದೆ ಶುಕ್ರವಾರ ಬರುತ್ತದೆ. ಎಲ್ಲಾ ಕಡೆಯಿಂದ ಅಳು, ಕೈ ಬಡಿದುಕೊಳ್ಳುವ ಸದ್ದು. ರಾತ್ರಿಯೆಲ್ಲಾ ದಣಿದ ಜನಕ್ಕೆ ಹೆಣ ಮಲಗಿಸೋದು ಬಿಟ್ಟು ಬೇರೆ ಕೆಲಸವಿಲ್ಲ. ಸತ್ತವರ ತಲೆಕೂದಲು ಬಾಚುತ್ತಿದ್ದಾರೆ. ಸುಗ್ಗಿ ಹತ್ತಿರ ಬಂದಿರುವಾಗ ಹುಡುಗರನ್ನು ಚಟ್ಟದ ಮೇಲೆ ಮಲಗಿಸಿ ಹೂಳಲು ಒಯ್ಯುತ್ತಿದ್ದಾರೆ. ಮದುವೆಗೆ ಅಂತ ಇಟ್ಟದ್ದು ಸಾವಿನ ಮನೆಗೆ ಬಳಕೆಯಾಯಿತು. ಸತ್ತವರು ಯಾರು? ನೇಗಿಲು, ಹಲುಬೆ ಹೂಡುವ ಗಂಡಸರು, ಬೀಳುಭೂಮಿ ಉತ್ತು ಬೀಜ ಚೆಲ್ಲುತ್ತಿದ್ದವರು. ಉಣ್ಣೆಯ ದಪ್ಪ ಬಟ್ಟೆಗೂ ನಯವಾದ ನಾರುಬಟ್ಟೆಗೂ ನೂಲು ತೆಗೆಯುತ್ತಿದ್ದ ಹೆಂಗಸರು. ಶಾನ್ ಓ ಕೊಸ್ಕರ್ ಎಂಬ ನೋಡಲು ಚೆಂದದ ಒಬ್ಬ, ಅಲ್ಲಿಯವರೆಗೆ ಹಡಗಿಗಾಗಲಿ ದೋಣಿಗಾಗಲಿ ಕಾಲಿಟ್ಟೇ ಇರಲಿಲ್ಲವಂತೆ. ಮಾಯ್ರಾ ನಿಕ್ ರುವಾನ್ ಎಂಬ ಹುಡುಗಿ ಸಂತೆಗೆ ಹೊರಡಲು ಬೆಳಗ್ಗೆ ಬೇಗ ಎದ್ದು ಸಿಂಗರಿಸಿಕೊಂಡಳು. ಒಳ್ಳೇ ಬಟ್ಟೆಯ ಕೋಟು, ಲೇಸಿನ ಟೋಪಿ, ಬಿಳಿ ರಿಬ್ಬನ್ನು. ಅವಳ ಅಮ್ಮ ಇನ್ನು ಯಾವತ್ತೂ ಅಳುತ್ತಲೇ ಇರಬೇಕು.

ಹೀಗೆ ಸತ್ತವರ ಉಡುಪು, ಕೆಲಸ, ರೂಪ ಹೇಳಿ ಅಳೋದು ಐರ್ಲೆಂಡಿನ ಹೆಂಗಸರ ಹಳೇ ಕಲೆ. ಹೆಣದ ಮುಂದೆ ಕೂತು ಆಗಲೇ ಕಟ್ಟಿ ಹಾಡುವ ಈ ಅಳುವಿಗೆ ‘ಕೀನ’ ಅನ್ನುತ್ತಿದ್ದರು. ಹಳ್ಳಿಯಲ್ಲಿ ಅದರಲ್ಲೇ ಹೆಸರಾದ ಹೆಂಗಸರು ಇರುತ್ತಿದ್ದರು. ಚರ್ಚಿಗೆ ಅದು ಹಿಡಿಸುತ್ತಿರಲಿಲ್ಲ, ಪಾದ್ರಿಗಳು ಬಿಡಿಸಲು ನೋಡಿದರು. ನಮ್ಮ ಉತ್ತರ ಕರ್ನಾಟಕದ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಹಾಡಿ ಅಳೋದನ್ನು ಕೇಳಿ ಬೆಳೆದವಳು ನಾನು. ಹಾಗಾಗಿ ರಿಬ್ಬನ್ನಿನ ಸಾಲು ಬಂದಾಗ ಅದು ಯಾವ ಬಗೆಯ ಮಾತು ಅಂತ ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅಳುವವಳು ಸತ್ತವಳ ಸೀರೆಯ ಅಂಚು ಹೇಳುತ್ತಾಳೆ, ಯಾಕೆ ಸತ್ತಳು ಅಂತ ಹೇಳೋದಿಲ್ಲ. ಅಲ್ಲಿ ಕೂತವರಿಗೆಲ್ಲ ಅದು ಗೊತ್ತಲ್ವಾ. ರಾಫ್ಟರಿ ಹೆಂಗಸರ ಆ ಅಳುವನ್ನು ತನ್ನ ಪದ್ಯದ ಲಯಕ್ಕೆ ತಂದುಕೊಂಡಿದ್ದಾನೆ ಅನ್ನೋದು ನನ್ನ ಎಣಿಕೆ. ಸಾಲಿನ ಒಳಗೊಳಗೇ ಸ್ವರಗಳು ಒಂದಕ್ಕೊಂದು ಪ್ರಾಸವಾಗಿ ಬರುತ್ತವೆ. ಮೊದಲ ಸಾಲಿನಲ್ಲಿ ಉದ್ದನೆಯ ‘ಆ’ ಮತ್ತೆ ಮತ್ತೆ ಬಂದು, ಸಾಲು ಮುಗಿಯುವಾಗ ‘ಊ’ ಅಂತ ಇಳಿಯುತ್ತದೆ. ಭಾಷೆ ಬರದಿದ್ದರೂ ಅದು ಕಿವಿಗೆ ಸಿಗುತ್ತದೆ.

ಬಾಯಿ ಜೋರಿನ ಕವಿ

ರಾಫ್ಟರಿ ಹುಟ್ಟಿದ್ದು ಮೇಯೋ ಸೀಮೆಯಲ್ಲಿ, 1779ರಲ್ಲಿ ಅನ್ನುತ್ತಾರೆ. ಚಿಕ್ಕಂದಿನಲ್ಲೇ ಸಿಡುಬು ಬಂದು ಕಣ್ಣು ಹೋಯಿತು. ದಕ್ಷಿಣ ಗಾಲ್ವೇಯ ಹಳ್ಳಿಗಳಲ್ಲಿ ಪಿಟೀಲು ನುಡಿಸುತ್ತಾ, ಹಾಡು ಕಟ್ಟುತ್ತಾ, ಊಟ ಕೊಟ್ಟ ಮನೆಯಲ್ಲಿ ಮಲಗುತ್ತಾ 1835ರ ತನಕ ಬದುಕಿದ. ಓದು ಬರಹ ಇಲ್ಲ. ಅವನ ಹಾಡು ಉಳಿದದ್ದು ಹೆಚ್ಚಾಗಿ ಜನರ ಬಾಯಲ್ಲಿ. ಡಗ್ಲಸ್ ಹೈಡ್ ಊರೂರು ಅಲೆದು, ಹಳೇ ಕೈಬರಹ ಹುಡುಕಿ, ಆ ಹಾಡುಗಳನ್ನು ಸೇರಿಸಿ 1903ರಲ್ಲಿ ಪುಸ್ತಕ ಮಾಡಿದ. ಇದೇ ಹೈಡ್ ಮುಂದೆ 1938ರಲ್ಲಿ ಐರ್ಲೆಂಡಿನ ಮೊದಲ ರಾಷ್ಟ್ರಪತಿಯಾದ. ಅದೇ ಹೊತ್ತಿನಲ್ಲಿ ಐರಿಷ್ ಲೇಖಕಿ ಲೇಡಿ ಗ್ರೆಗರಿಯೂ ರಾಫ್ಟರಿಯ ಬೆನ್ನು ಹತ್ತಿದ್ದಳು. ಗಾರ್ಟ್ ಊರಿನ ಬಡವರ ಆಶ್ರಯಮನೆಯಲ್ಲಿ ಇಬ್ಬರು ಮುದುಕಿಯರು ತಾವು ಚಿಕ್ಕವರಿದ್ದಾಗ ನೋಡಿದ ಇಬ್ಬರು ಕವಿಗಳಲ್ಲಿ ಯಾರು ಮೇಲು ಅಂತ ಜಗಳ ಆಡುತ್ತಿದ್ದರಂತೆ. ಅವರಲ್ಲಿ ಒಬ್ಬ ರಾಫ್ಟರಿ. ಬೇರೇನೂ ಉಳಿಯದ ಬಡತನದಲ್ಲೂ ಒಬ್ಬ ಕವಿಯ ಪರವಾಗಿ ಜಗಳ ಆಡುವ ಆ ಇಬ್ಬರನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಬಹಳ ಗೌರವ ಬರುತ್ತದೆ. 1900ರಲ್ಲಿ ಕಿಲೀನಿನ್ ಸ್ಮಶಾನದಲ್ಲಿ ಅವನ ಸಮಾಧಿಗೆ ಕಲ್ಲು ಹಾಕಿಸಿದ್ದೂ ಗ್ರೆಗರಿಯೇ.

(ಅವನ ಹೆಸರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡುವ ‘ನಾನು ರಾಫ್ಟರಿ ಕವಿ’ ಅನ್ನುವ ಪುಟ್ಟ ಪದ್ಯ ಅವನದ್ದಲ್ಲ, ಆಮೇಲೆ ಅಮೆರಿಕದಲ್ಲಿದ್ದ ಇನ್ನೊಬ್ಬರು ಬರೆದದ್ದು ಅಂತ ತಿಳಿದವರು ಹೇಳುತ್ತಾರೆ. ಯೂರೋ ಬರುವ ಮೊದಲಿದ್ದ ಐದು ಪೌಂಡ್ ನೋಟಿನ ಹಿಂಬದಿಯಲ್ಲಿ, ಶಾಲೆಯ ಕರಿಹಲಗೆಯ ಮೇಲೆ ಆ ಸಾಲು ಅಚ್ಚಾಗಿತ್ತು. ‘ಅನಖ್ ಕುವನ್’ ವಿಷಯದಲ್ಲಿ ಅಂಥ ತಕರಾರಿಲ್ಲ.)

ನನಗೆ ಇಲ್ಲಿ ಮುಖ್ಯವಾದದ್ದು ಅವನ ನಾಲಿಗೆ. ರಾಫ್ಟರಿ ಬೈದರೆ ಊರು ಹೆದರುತ್ತಿತ್ತು. ಅವನು ಒಂದು ಪೊದೆಯನ್ನು ಬೈದ, ಆ ಪೊದೆ ಒಣಗಿಹೋಯಿತು ಅಂತ ಕಥೆಯೇ ಇದೆ. ಆ ಕಾಲದ ಕವಿಗೆ ಬೈಗುಳ ಅನ್ನೋದು ಆಯುಧ. ಹಾಡಿನಲ್ಲಿ ಹೆಸರು ಹೇಳಿ ಉಗಿದರೆ ಆ ಮನೆತನಕ್ಕೆ ತಲೆಮಾರುಗಟ್ಟಲೆ ಹೊರಬೇಕಾದ ಅವಮಾನ. ಅಂಥವನ ಎದುರಿಗೆ ಈ ಸಾವು ಇದೆ. ದೋಣಿಯಲ್ಲಿ ಕೋಟು ತುರುಕಿ ತುಳಿದ ಒಬ್ಬ ಮನುಷ್ಯನಿದ್ದಾನೆ. ದೋಣಿ ನಡೆಸಿದವರಿದ್ದಾರೆ. ಕುರಿ ಹತ್ತಿಸಿದವರಿದ್ದಾರೆ. ಬಯ್ಯೋದಕ್ಕೆ ಎಲ್ಲವೂ ಸಿದ್ಧವಾಗಿದೆ.

ಅವನು ಬೈಯುತ್ತಾನೆ ಕೂಡ. ಹಾಡಿನ ಬೈಗುಳ ಸಣ್ಣದಲ್ಲ. ಅವರು ಸತ್ತ ಜಾಗಕ್ಕೆ ಬೆಟ್ಟದ ಬೆಂಕಿ ಬೀಳಲಿ ಅನ್ನುತ್ತಾನೆ. ಅಲ್ಲಿ ನಕ್ಷತ್ರ ಮಿನುಗದಿರಲಿ, ಸೂರ್ಯ ಹುಟ್ಟದಿರಲಿ. ಇಷ್ಟು ಸಿಟ್ಟೆಲ್ಲ ಹೋಗಿ ಬೀಳೋದು ನೀರಿನ ಮೇಲೆ, ಆ ಜಾಗದ ಮೇಲೆ. ಮನುಷ್ಯರ ವಿಷಯಕ್ಕೆ ಬಂದರೆ ಅವನು ಬಹಳ ಹುಷಾರು. ಕೊನೆಯ ನುಡಿಯಲ್ಲಿ ನೇರವಾಗಿಯೇ ಹೇಳುತ್ತಾನೆ: ತಿಳಿವಳಿಕೆ ಇಲ್ಲದೆ ಅವರು ದಾರಿ ತಪ್ಪಿದ್ದಲ್ಲ, ಅದು ಕೆಟ್ಟ ಗಳಿಗೆ. ಆ ಸಾಲು ಸುಮ್ನೆ ಬಂದದ್ದಲ್ಲ. ಯಾರೋ ‘ಅವರಿಗೆ ದೋಣಿ ನಡೆಸೋದೇ ಗೊತ್ತಿರಲಿಲ್ಲ’ ಅಂತ ಮಾತಾಡಿರಬೇಕು. ಆ ಮಾತಿಗೆ ಇದು ಉತ್ತರದ ಹಾಗಿದೆ.

ಬದುಕಿ ಬಂದ 12 ಜನರನ್ನು ನೆನೆಸಿಕೊಳ್ಳಿ. ಅವರು ಅದೇ ಹಳ್ಳಿಗಳಿಗೆ ವಾಪಸ್ ಹೋದರು, ಸತ್ತವರ ಮನೆಯ ಪಕ್ಕದಲ್ಲೇ ಬದುಕಿದರು. ಈ ಹಾಡನ್ನು ಮೊದಮೊದಲು ಕೇಳಿದವರಲ್ಲಿ ಅವರೂ ಇದ್ದಿರಬೇಕು. ಕೋಟಿನವನು ಸತ್ತಿದ್ದರೆ ಅವನ ಹೆಂಡತಿ, ಬದುಕಿದ್ದರೆ ಅವನೇ. ಉಳಿಸೋದಕ್ಕೆ ಹೋಗಿ ಮುಳುಗಿಸಿದ ಒಬ್ಬನನ್ನು ಹಾಡಿನಲ್ಲಿ ಹಾಕಿದರೆ ಅವನು ಯಾವತ್ತೂ ಅಲ್ಲಿಂದ ಹೊರಗೆ ಬರಲಾರ. ಹಾಡಿನಲ್ಲಿ ಬಂದದ್ದು ಮಾತಿನ ಹಾಗಲ್ಲ. ಮಾತು ಬಾಯಿಂದ ಬಾಯಿಗೆ ಬದಲಾಗುತ್ತದೆ, ಹೆಸರು ಉದುರುತ್ತದೆ, ‘ಯಾರೋ ಒಬ್ಬ’ ಅಂತ ಆಗುತ್ತದೆ. ಹಾಡಿನ ಸಾಲು ಪ್ರಾಸಕ್ಕೆ ಕಟ್ಟುಬಿದ್ದು ಹಾಗೇ ಉಳಿಯುತ್ತದೆ. ಇವತ್ತು ಆ ಕಥೆ ಹೇಳುವವರೆಲ್ಲ ‘ಒಬ್ಬ’ ಅಂತಲೇ ಹೇಳುತ್ತಾರೆ. ಮಾಯ್ರಾಳ ಹೆಸರು ಉಳಿದಿದೆ, ಅವಳ ರಿಬ್ಬನ್ನಿನ ಬಣ್ಣ ಕೂಡ ಉಳಿದಿದೆ. ಯಾರನ್ನು ಹಾಡಿನಲ್ಲಿಡಬೇಕು, ಯಾರನ್ನು ಮಾತಿಗೆ ಬಿಡಬೇಕು ಅನ್ನೋದನ್ನು ರಾಫ್ಟರಿ ಬೇಕೆಂದೇ ಆರಿಸಿದ ಅಂತ ನಾನು ನಂಬುತ್ತೇನೆ. ಕಣ್ಣಿಲ್ಲದ, ಮನೆಯಿಲ್ಲದ, ಯಾರದ್ದೋ ಒಲೆಯ ಪಕ್ಕ ಮಲಗುವ ಒಬ್ಬ ಮನುಷ್ಯ ತೋರಿಸಿದ ಈ ಮರ್ಯಾದೆಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಮೆನ್ಲೋ ಎದುರಿಗೆ

ಜಾಗ ನೋಡದೆ ಹಾಡಿನ ಒಂದು ನುಡಿ ನನಗೆ ಬಗೆಹರಿಯಲೇ ಇಲ್ಲ. ಸರೋವರವೂ ಅಲ್ಲ, ಕಡಲೂ ಅಲ್ಲ, ನೆಲ ಕೈಗೆಟುಕುವಷ್ಟು ಹತ್ತಿರ ಇರುವಾಗ ಎಲ್ಲರೂ ಹೋದರಲ್ಲ ಅಂತ ಅದರಲ್ಲಿ ಬರುತ್ತದೆ. ಕಾರಿಬ್ ಸರೋವರದಲ್ಲಿ ಮುಳುಗಿದರು ಅಂತ ಎಲ್ಲರೂ ಹೇಳುವಾಗ ಕವಿ ಸರೋವರವೂ ಅಲ್ಲ ಅನ್ನುತ್ತಾನಲ್ಲ?

ಗಾಲ್ವೇಯ ವಿಶ್ವವಿದ್ಯಾಲಯದ ಆಟದ ಮೈದಾನ ದಾಟಿದರೆ ನದಿಯ ಪಕ್ಕ ನಡೆಯಲು ಒಂದು ದಾರಿ ಇದೆ, ಡಾಂಗನ್ ಅಂತ. ಸೆಪ್ಟೆಂಬರಿನ ಒಂದು ಬೆಳಗ್ಗೆ ಅಲ್ಲಿ ಹೋಗಿ ನಿಂತೆ. ಎದುರು ದಡದಲ್ಲಿ ಮೆನ್ಲೋ ಕೋಟೆಮನೆಯ ಪಾಳುಗೋಡೆ, ಮೈತುಂಬ ಬಳ್ಳಿ. 1910ರ ಬೆಂಕಿಯಲ್ಲಿ ಸುಟ್ಟುಹೋದ ಮನೆ ಅದು. ದೋಣಿ ಮುಳುಗಿದ್ದು ಇಲ್ಲೇ ಆಸುಪಾಸಿನಲ್ಲಿ, ಸರೋವರ ಕಿರಿದಾಗಿ ನದಿಯಾಗಿ ಊರಿನ ಕಡೆ ಹರಿಯುವ ಕಡೆ. ಕಾಲೇಜು ಹುಡುಗಿಯರು ಉದ್ದನೆಯ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋದರು. ನೀರು ಕಂದು ಬಣ್ಣ, ಅಲೆ ಇಲ್ಲ. ಆಚೆ ದಡದಲ್ಲಿ ಒಬ್ಬಾಕೆ ತನ್ನ ನಾಯಿಯನ್ನು ಕರೆಯುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಹತ್ತಿರ. ಇಲ್ಲಿ 19 ಜನ ಸತ್ತರು ಅಂದರೆ ನಂಬೋದಕ್ಕೇ ಆಗೋದಿಲ್ಲ. ದೊಡ್ಡ ನೀರನ್ನೆಲ್ಲ ದಾಟಿ ಬಂದಾಗಿತ್ತು. ಇನ್ನು ಎರಡು ಮೈಲಿ ಹೋದರೆ ಸಂತೆ. ಹಾಡಿನ ಆ ಸಾಲಿನಲ್ಲಿರೋದು ಅಲಂಕಾರ ಅಲ್ಲ, ನಿಂತು ನೋಡಿದರೆ ಕಾಣುವ ಸತ್ಯ. ಕಣ್ಣಿಲ್ಲದವನಿಗೆ ಯಾರೋ ಅದನ್ನು ಸರಿಯಾಗಿ ಹೇಳಿದ್ದರು, ಅವನು ಸರಿಯಾಗಿ ಕೇಳಿಸಿಕೊಂಡಿದ್ದ.

ಅದೇ ನುಡಿಯಲ್ಲಿ ಕ್ಲೇರ್‌ಗಾಲ್ವೇ ಊರಿನ ಹೆಸರು ಬರುತ್ತದೆ. ಅದು ಹತ್ತಿರದಲ್ಲೇ ಇತ್ತು, ಅದೃಷ್ಟ ಅವರನ್ನು ಆ ಕಡೆ ಹೋಗಲು ಬಿಡಲಿಲ್ಲ ಅಂತ. ಆ ಊರು ಇರೋದು ನೀರಿನಿಂದ ದೂರ, ಅನಾಡೌನ್‌ನಿಂದ ಗಾಲ್ವೇಗೆ ನೆಲದ ಮೇಲೆ ಬರುವವರ ದಾರಿಯಲ್ಲಿ. ಅಂದರೆ ಸಂತೆಗೆ ಇನ್ನೊಂದು ದಾರಿ ಇತ್ತು ಅಂತ ಕವಿ ಹೇಳುತ್ತಿದ್ದಾನೆ ಅನ್ನೋದು ನನ್ನ ಓದು. ನಡೆದು ಹೋಗಬಹುದಿತ್ತು. ಸಾಮಾನು, ಕುರಿ, ಹೆಂಗಸರು, ಸುತ್ತು ದಾರಿ. ದೋಣಿಯಲ್ಲಿ ಹೋದರೆ ಬೇಗ. ಸಾವಿನ ಮನೆಯಲ್ಲಿ ಎಲ್ಲರೂ ಆಡುವ ಮಾತೇ ಇದು: ಆವತ್ತು ಆ ದಾರಿಯಲ್ಲಿ ಹೋಗಿದ್ದರೆ?

ವಾರದ ದಿನಗಳನ್ನೂ ಒಮ್ಮೆ ಪರೀಕ್ಷೆ ಮಾಡಿ ನೋಡಿದೆ. ಹಾಡಿನಲ್ಲಿ ಅಳು ಎದ್ದದ್ದು ಶುಕ್ರವಾರ. 1828ರ ಸೆಪ್ಟೆಂಬರ್ 4 ಕ್ಯಾಲೆಂಡರಿನಲ್ಲಿ ಗುರುವಾರ, ಮರುದಿನ ಶುಕ್ರವಾರವೇ. ಬರೆಯಲು ಬಾರದವನು ಕಟ್ಟಿದ್ದು, ಬರೆದಿಡದವರು ಹಾಡಿದ್ದು, ಮುಕ್ಕಾಲು ಶತಮಾನ ಹೆಚ್ಚಾಗಿ ಬಾಯಲ್ಲೇ ಇದ್ದು ಪುಸ್ತಕ ಸೇರಿದ್ದು. ಆದರೂ ದಿನ ತಪ್ಪಿಲ್ಲ. ಹಾಡಿನಲ್ಲಿ ಏನಾದರೂ ಇಲ್ಲ ಅಂದರೆ ಅದು ಮರೆತು ಬಿಟ್ಟದ್ದು ಅಂತ ಹೇಳುವ ಧೈರ್ಯ ನನಗೆ ಇಲ್ಲಿಗೆ ಹೋಯಿತು.

ಪತ್ರಿಕೆಯಲ್ಲಿ ಬಂದದ್ದು, ಹಾಡಿನಲ್ಲಿ ಬಂದದ್ದು

ಕುರಿ ಮತ್ತು ಕೋಟಿನ ವಿವರ ಆಗಿನ ಗಾಲ್ವೇ ಪತ್ರಿಕೆಯಲ್ಲೇ ಬಂದಿತ್ತು. ಇಂಗ್ಲಿಷ್ ಪತ್ರಿಕೆ. ಅನಾಡೌನ್ ಆಗ ಐರಿಷ್ ಮಾತಾಡುವ ಊರು. ಸತ್ತವರ ಮನೆಯವರು ಅದನ್ನು ಓದಿರುವ ಸಾಧ್ಯತೆ ಬಹಳ ಕಡಿಮೆ. ಊರಿನ ಓದುಬರಹದವರಿಗೆ ಪತ್ರಿಕೆ ‘ಹೇಗಾಯಿತು’ ಅಂತ ಹೇಳಿತು. ಸತ್ತವರ ಜನಕ್ಕೆ ಅವರದ್ದೇ ಭಾಷೆಯಲ್ಲಿ ಹಾಡು ‘ಯಾರು ಹೋದರು’ ಅಂತ ಹೇಳಿತು. ಇವತ್ತು ಅನಾಡೌನ್ ಕಾಗದದ ಮೇಲೆ ಐರಿಷ್ ಮಾತಾಡುವ ಪ್ರದೇಶದ ಭಾಗವೇ ಆದರೂ ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ ಕೇಳೋದು ಹೆಚ್ಚಾಗಿ ಇಂಗ್ಲಿಷೇ. ಹಾಡು ನೀರು ದಾಟಿ ಈಚೆ ಕಾನಮಾರಾದಲ್ಲಿ ಗಟ್ಟಿಯಾಗಿ ಉಳಿದಿದೆ. ನಾನು ಕೇಳಿದ್ದೂ ಇಲ್ಲೇ ಅಲ್ವಾ. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಅಂದವರು ಸುಮಾರು 18.7 ಲಕ್ಷ. ಶಾಲೆಯ ಹೊರಗೆ ದಿನವೂ ಮಾತಾಡುವವರು ಸುಮಾರು 72 ಸಾವಿರ. ಆ ಅಡುಗೆಮನೆಯಲ್ಲಿದ್ದವರೆಲ್ಲ ಆ 72 ಸಾವಿರದೊಳಗಿನವರು.

ಆ ರಾತ್ರಿ ಕೆಟಲ್ ಕುದಿಯುವಾಗ ನಾನು ಗೆಳತಿಯ ಅಮ್ಮನನ್ನು ಕೇಳಿಯೇಬಿಟ್ಟೆ, ಹಾಡಿನಲ್ಲಿ ಕುರಿಯ ಕಾಲು ಯಾಕಿಲ್ಲ ಅಂತ. ಆಕೆ ಆಶ್ಚರ್ಯದಿಂದ ನೋಡಿದರು. “ಕುರಿ ಏನು ಮಾಡುತ್ತೆ ಪಾಪ? ದೋಣಿ ಗಟ್ಟಿ ಇದ್ದಿದ್ರೆ ಕುರಿ ಕಾಲಿಗೆ ತೂತು ಬೀಳುತ್ತಾ?” ಅಂದರು. ಅವರ ಭಾವ ಕ್ಲೇರ್‌ಗಾಲ್ವೇ ಹೆಸರು ಬರುವ ನುಡಿಯ ಕೊನೆಯ ಸಾಲನ್ನು ಮತ್ತೊಮ್ಮೆ ಮಾತಿನಲ್ಲೇ ಹೇಳಿದರು: ದರಿದ್ರ ಹಳೇ ದೋಣಿ, ಅವರೋ ದಡದ ಪಕ್ಕದಲ್ಲಿ.

ಆ ಸಾಲನ್ನು ನಾನು ಓದಿದ್ದೆ. ಅದು ಬರೀ ಅಳಲು ಅಂತ ಮುಂದೆ ಹೋಗಿದ್ದೆ. ನಮ್ಮ ಆಫೀಸಿನ ರೀತಿಯಲ್ಲಿ ಯಾಕೆ ಯಾಕೆ ಅಂತ ಕೇಳುತ್ತಾ ಇಳಿದರೆ ಕುರಿ ಮೊದಲ ಮೆಟ್ಟಿಲು ಅಷ್ಟೇ. ದೋಣಿ ಯಾಕೆ ಮುಳುಗಿತು? ಹಲಗೆ ಕಿತ್ತಿತು. ಯಾಕೆ ಕಿತ್ತಿತು? ತುಳಿದರು. ತುಳಿದರೆ ಯಾಕೆ ಕೀಳಬೇಕು? ಕೊಳೆತಿತ್ತು. ಕೊಳೆತ ದೋಣಿಗೆ 31 ಜನ ಯಾಕೆ ಹತ್ತಿದರು? ಸಂತೆ ತಪ್ಪಿಸಿಕೊಂಡರೆ ನಡೆಯೋದಿಲ್ಲ. ಇಡೀ ಹಾಡಿನಲ್ಲಿ ರಾಫ್ಟರಿ ಹೆಸರಿಟ್ಟು ತೋರಿಸುವ ಕಾರಣ ಅದೊಂದೇ, ಆ ದೋಣಿ. ಕುರಿಯ ಕಾಲನ್ನು ಬಿಟ್ಟ, ಕೋಟಿನವನನ್ನು ಬಿಟ್ಟ, ಬೇರಿಗೆ ಬಹಳ ಹತ್ತಿರ ಹೋಗಿ ಕೈಯಿಟ್ಟ. ಕೊನೆಯ ನುಡಿಯಲ್ಲಿ ಕೆಟ್ಟ ಗಳಿಗೆ ‘ಕ್ಯಾಶ್ಲಾನ್ ನೂವಾ’ದಲ್ಲಿತ್ತು ಅಂತ ಬರುತ್ತದೆ. ಅದು ದೋಣಿಯ ಹೆಸರು ಅಂತ ಕೆಲವರು ಹೇಳುತ್ತಾರೆ. ನದಿಯ ದಂಡೆಯಲ್ಲಿ ಅದೇ ಹೆಸರಿನ ಬಡಾವಣೆಯೂ ಒಂದಿದೆ, ಕವಿ ಹೇಳಿದ್ದು ಆ ಜಾಗವನ್ನೇ ಅಂತಲೂ ಓದಬಹುದು. ನಾನು ದೋಣಿ ಅನ್ನುವವರ ಪಕ್ಷ. ಜಾಗವನ್ನು ಅಷ್ಟೊಂದು ಬೈದ ಮೇಲೆ ಕವಿ ಕೊನೆಗೆ ಹೋಗಿ ನಿಲ್ಲೋದು ದೋಣಿಯ ಮುಂದೆ ಅನ್ನೋದು ನನಗೆ ಸರಿಯಾಗಿ ಕಾಣುತ್ತದೆ.

ಈಗ ಯಾರಾದರೂ ನನಗೆ ಕುರಿಯ ಕಥೆ ಹೇಳಲು ಶುರು ಮಾಡಿದರೆ ಪೂರ್ತಿ ಕೇಳುತ್ತೇನೆ. ಆಮೇಲೆ ದೋಣಿಯ ಬಗ್ಗೆ ಕೇಳುತ್ತೇನೆ. ಅದು ಯಾರದ್ದು, ಎಷ್ಟು ವರ್ಷ ಹಳೇದು, ಆವತ್ತು ಬೆಳಗ್ಗೆ 31 ಜನರನ್ನು ಕುರಿಗಳ ಜೊತೆ ಅದಕ್ಕೆ ಹತ್ತಿಸಿ ಹಗ್ಗ ಬಿಚ್ಚಿದ್ದು ಯಾರು ಅಂತ.